ಎಂಟು ಸ್ಕ್ರೂಗಳ ಚಕ್ರ

ಬೆಳಿಗ್ಗೆ ಆರಕ್ಕೆ ಆ ಬೀದಿಯಲ್ಲಿ ಮೊದಲು ಏಳುವುದು ರಾಟೆಯ ಸದ್ದು. ಯಾವುದೋ ಮನೆಯ ಹಿಂಬದಿಯ ತಗಡಿನ ಚಾವಣಿ ಕೆಳಗೆ ಒಲೆ ಹತ್ತುತ್ತದೆ, ರೇಷ್ಮೆಗೂಡು ಬೇಯುತ್ತದೆ, ನೂಲು ಸುತ್ತುವ ರಾಟೆ ತಿರುಗತೊಡಗುತ್ತದೆ. ಮೊದಲು ಒಣಗಿದ ಬೇರಿಂಗಿನ ಕಿರುಗುಟ್ಟುವ ದನಿ, ಎರಡು ಹನಿ ಎಣ್ಣೆ ಬಿದ್ದ ಮೇಲೆ ಗುಂಯ್ಯೆನ್ನುವ ಒಂದೇ ನಾದ. ಅದಕ್ಕೆ ಪಕ್ಕದ ಮನೆಯದು ಸೇರುತ್ತದೆ, ಆಮೇಲೆ ಎದುರುಮನೆಯದು. ಏಳು ಗಂಟೆಯ ಹೊತ್ತಿಗೆ ರಾಮನಗರದ ಆ ಭಾಗದ ಜನಕ್ಕೆ ಸದ್ದು ಕೇಳುವುದೇ ನಿಂತುಹೋಗಿರುತ್ತದೆ, ಅವರವರ ಉಸಿರಿನ ಸದ್ದು ಅವರಿಗೆ ಕೇಳದ ಹಾಗೆ.

ಖಲಂದರ್‌ಗೆ ಮಾತ್ರ ಕೇಳುತ್ತಿತ್ತು. ಮಂಚದ ಮೇಲೆ ಕಣ್ಣು ಮುಚ್ಚಿಕೊಂಡೇ ಅವನು ಹೆಂಡತಿ ಮುನ್ನೀಗೆ ಹೇಳುತ್ತಿದ್ದ: “ಜಬ್ಬಾರ್ ಮನೆ ರಾಟೆ ಬೆಲ್ಟು ಸಡಿಲ ಆಗೈತೆ. ಹತ್ತು ಗಂಟೆಗೆ ಕರೆಯೋಕೆ ಬರ್ತಾನೆ ನೋಡು.” ಹತ್ತಕ್ಕೆ ಸರಿಯಾಗಿ ಜಬ್ಬಾರ್ ಬಾಗಿಲಲ್ಲಿ ನಿಂತಿರುತ್ತಿದ್ದ.

“ಇಡೀ ಬೀದಿ ರಾಟೆ ಕೇಳ್ತದೆ ಈ ಕಿವಿಗೆ, ನಾನು ಕೂಗಿದ್ದು ಮಾತ್ರ ಕೇಳಲ್ಲ” ಎನ್ನುತ್ತಿದ್ದಳು ಮುನ್ನೀ.

ಅವನ ತಂದೆ ಬೇರೆಯವರ ಮನೆಯಲ್ಲಿ ಚರಕದ ಹಿಡಿ ತಿರುಗಿಸುತ್ತಿದ್ದವನು. ಬಲಭುಜ ಸವೆದು ಕೈ ಮೇಲೆತ್ತಲಾಗದಂತಾಗಿ ಸತ್ತ. ಹಿಡಿ ತಿರುಗಿಸುವ ಕೆಲಸಕ್ಕೆ ಹೋಗುವುದಿಲ್ಲ ಎಂದು ಖಲಂದರ್ ಸುಟ್ಟ ಮೋಟಾರಿಗೆ ತಂತಿ ಸುತ್ತುವ ಅಂಗಡಿ ಸೇರಿದ. ತಂತಿ, ಕಾಯಿಲ್, ಫ್ಯೂಸು ಎಲ್ಲವನ್ನೂ ಅಲ್ಲೇ ಕಲಿತ. ಮೂವತ್ತು ದಾಟುವ ಹೊತ್ತಿಗೆ ತಾಜ್ ಪಾಷಾನ ರೇಷ್ಮೆ ನೂಲು ತೆಗೆಯುವ ಕಾರ್ಖಾನೆ, ಅಂದರೆ ಫಿಲೇಚರ್‌ನಲ್ಲಿ ಮೆಕ್ಯಾನಿಕ್ ಆದ. ಹನ್ನೆರಡು ಬೆಂಚು, ಬೆಂಚಿಗೊಬ್ಬ ಹೆಂಗಸು. ಪ್ರತಿ ಬೆಂಚಿನಲ್ಲಿ ಗೂಡು ತೇಲುವ ಬಿಸಿನೀರಿನ ತೊಟ್ಟಿ, ಮೇಲೆ ರಾಟೆ, ರಾಟೆಗೊಂದು ಸಣ್ಣ ಮೋಟಾರು, ಅದರ ವೇಗ ಏರಿಸಿ ಇಳಿಸಲು ಒಂದು ಗುಂಡಿ. ಗೂಡು ಸಲೀಸಾಗಿ ಬಿಚ್ಚಿಕೊಂಡರೆ ಹೆಂಗಸರು ಗುಂಡಿಯನ್ನು ಒಸಿ ಮುಂದೆ ತಿರುಗಿಸುತ್ತಿದ್ದರು, ಗಂಟುಗಂಟಾಗಿದ್ದರೆ ಹಿಂದಕ್ಕೆ. ಅದು ಅವರ ಕೈಯ ವಿವೇಚನೆಗೆ ಬಿಟ್ಟದ್ದು.

ಆ ಹನ್ನೆರಡು ಜನರಲ್ಲಿ ದೊಡ್ಡಲಕ್ಷ್ಮಮ್ಮನ ಕೈಯೇ ಕೈ. ತವರು ತಿಪ್ಪಸಂದ್ರದ ಕಡೆ. ಮದುವೆಯಾಗಿ ಬಂದದ್ದು ರಾಮನಗರಕ್ಕೆ ಅರ್ಧ ಗಂಟೆ ದೂರದ ಹಳ್ಳಿಯ ಕುರಿ ಸಾಕುವ ಮನೆಗೆ. ಇಪ್ಪತ್ತೆರಡು ವರ್ಷದಿಂದ ಬೆಳಗಿನ ಬಸ್ಸಿಗೆ ಬಂದು ಏಳನೆಯ ಬೆಂಚಿನಲ್ಲಿ ಕೂರುತ್ತಿದ್ದಳು. ಬೇರೆಯವರು ಬಿಸಿನೀರಿನಲ್ಲಿ ಬೆರಳಾಡಿಸಿ ಎಳೆಯ ತುದಿ ಹುಡುಕಬೇಕು. ಅವಳಿಗೆ ತುದಿಯೇ ಬಂದು ಬೆರಳು ಹಿಡಿಯುತ್ತದೆ ಎಂದು ಉಳಿದವರು ಹೇಳುತ್ತಿದ್ದರು. ನೀರಲ್ಲಿ ನೆಂದು ನೆಂದು ಬೆರಳ ತುದಿ ಬಿಳಿಚಿ, ಗೆರೆಗಳೆಲ್ಲ ಅಳಿಸಿಹೋಗಿದ್ದವು. ರೇಷನ್ ಅಂಗಡಿಯ ಯಂತ್ರ ಅವಳ ಹೆಬ್ಬೆಟ್ಟನ್ನು ಒಂದೇ ಸಲಕ್ಕೆ ಒಪ್ಪಿದ್ದೇ ಇಲ್ಲ.

“ಏನ್ ಕಲಂದ್ರಪ್ಪ, ರಾಟೆಗೆ ಎಣ್ಣೆ ಆಕ್ತೀಯೋ, ಇಲ್ಲ ಎಲ್ಲಾನೂ ನಿನ್ ತಲೇಗೇ ಸುರ್ಕಂಡ್ಬುಟ್ಯೋ?”

“ನನ್ ತಲೇಲಿ ಕೂದ್ಲೆಲ್ಲಿ ಐತಕ್ಕ ಎಣ್ಣೆ ಕುಡಿಯೋಕೆ?”

“ಅದ್ಕೇ ಮಿಣಮಿಣ ಅಂತದೆ ಬುಡು.”

ಹೀಗೆ ನಡೆಯುತ್ತಿದ್ದ ಫಿಲೇಚರ್‌ಗೆ ಎರಡು ಸಾವಿರದ ಹದಿಮೂರನೆಯ ಇಸವಿಯಲ್ಲಿ ಕಂಪ್ಯೂಟರ್ ಬಂತು. ತಾಜ್ ಪಾಷಾ ಎಲ್ಲೋ ದೊಡ್ಡ ಮಿಲ್ಲಿನಲ್ಲಿ ನೋಡಿ ಆಸೆಪಟ್ಟು ತರಿಸಿದ್ದ. ಪ್ರತಿ ರಾಟೆಯ ಅಚ್ಚಿಗೆ ನಾಲ್ಕು ಹಲ್ಲಿನ ಒಂದು ಕಬ್ಬಿಣದ ಚಕ್ರ, ಚಕ್ರದ ಎದುರಿಗೆ ಹೆಬ್ಬೆರಳ ಗಾತ್ರದ ಸೆನ್ಸರ್. ಹಲ್ಲು ಮುಂದೆ ಹಾದಾಗಲೆಲ್ಲ ಸೆನ್ಸರ್‌ನ ಬೆನ್ನ ಮೇಲೆ ಕೆಂಪು ದೀಪ ಮಿಟುಕುತ್ತಿತ್ತು. ಅಲ್ಲಿಂದ ತಂತಿ ಗೋಡೆಯ ಪೆಟ್ಟಿಗೆಗೆ, ಪೆಟ್ಟಿಗೆಯಿಂದ ಗಾಜಿನ ಕೋಣೆಯ ಕಂಪ್ಯೂಟರಿಗೆ. ರಾಟೆ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಎಂದು ಅದು ಬರೆದಿಡುತ್ತಿತ್ತು. ಗಾಜಿನ ಕೋಣೆಯಲ್ಲಿ ಕೂರುವವನು ಸೂಪರ್‌ವೈಸರ್ ಮುನಿಶಾಮಯ್ಯ. ಹೆಂಗಸರಿಗೆ ಪರದೆ ಕಾಣುತ್ತಿರಲಿಲ್ಲ.

ಆರು ತಿಂಗಳಿಗೆ ಹಬೆಯಲ್ಲಿ ಕಬ್ಬಿಣದ ಚಕ್ರಗಳು ತುಕ್ಕು ಹಿಡಿದು ಸಿಪ್ಪೆ ಏಳತೊಡಗಿದವು. ಪರದೆಯ ಸಂಖ್ಯೆ ಕಪ್ಪೆಯ ಹಾಗೆ ನೆಗೆಯುತ್ತಿತ್ತು. ಕಂಪನಿಯವರು ಹೊಸ ಚಕ್ರ ಬರಲು ತಿಂಗಳು ಹಿಡಿಯುತ್ತದೆ ಎಂದರು. ಖಲಂದರ್ ಹಳೆಯ ಚಕ್ರವೊಂದನ್ನು ಬಿಚ್ಚಿ ಚೀಲಕ್ಕೆ ಹಾಕಿಕೊಂಡು ಚನ್ನಪಟ್ಟಣದ ಬಸ್ಸು ಹತ್ತಿದ. ಅಲ್ಲಿ ಅವನ ಷಡ್ಡಕ ಮಕ್ಬೂಲ್ ಇದ್ದ, ಬೊಂಬೆ ಮಾಡುವವನು.

ಮಕ್ಬೂಲ್ ತಿರುಗಣಿಯ ಮುಂದೆ ಕೂತಿದ್ದ. ಅರಗಿನ ವಾಸನೆ, ಕಾಲ ಸುತ್ತ ಆಲೆ ಮರದ ಬಿಳಿಯ ಸುರುಳಿ. ಚಕ್ರವನ್ನು ಕೈಯಲ್ಲಿ ತಿರುಗಿಸಿ ನೋಡಿದ.

“ಮರದಲ್ಲಿ ಮಾಡಿ, ಅಂಚಿಗೆ ತುಕ್ಕು ಹಿಡಿಯದ ಅಗಲ ತಲೆಯ ಸ್ಕ್ರೂ ಹೊಡೆದುಕೊಡು” ಎಂದ ಖಲಂದರ್. “ನಾಲ್ಕು.”

“ನಾಲ್ಕಾ? ನನ್ನ ಕೈಗೆ ನಾಲ್ಕು ಬರಲ್ಲ ಭಾಯಿ. ಬುಗುರಿಗೂ ಎಂಟು ಗೆರೆ, ಆಟದ ಬಂಡಿ ಗಾಲಿಗೂ ಎಂಟು. ನಾಲ್ಕು ಹೊಡೆದ್ರೆ ಕುಂಟು ಕತ್ತೆ ಥರ ಕಾಣ್ತದೆ.”

“ಆಟದ ಸಾಮಾನಲ್ಲ ಇದು.”

“ಅಲ್ಲ, ನೀನೇ ಹೇಳು. ಎಣಿಕೆ ಜಾಸ್ತಿ ಆದಷ್ಟೂ ಲೆಕ್ಕ ಚೊಕ್ಕ ಆಗಬೇಕಲ್ವಾ?”

ಖಲಂದರ್‌ಗೂ ಹಾಗೇ ಅನ್ನಿಸಿತು. ಅನ್ನಿಸಿದ್ದಷ್ಟೇ ಅಲ್ಲ, ಕಂಪನಿಯವರಿಗೆ ಹೊಳೆಯದ್ದು ನಮಗೆ ಹೊಳೆಯಿತಲ್ಲ ಎಂದು ಹಿಗ್ಗೂ ಆಯಿತು. ಮಕ್ಬೂಲ್ ಹನ್ನೆರಡು ಚಕ್ರ ಕಡೆದ, ಒಂದೊಂದಕ್ಕೂ ಎಂಟೆಂಟು ಸ್ಕ್ರೂ. ಸ್ಕ್ರೂ ತಲೆ ಎಷ್ಟು ಅಗಲವೋ ನಡುವಿನ ಬಿಡುವೂ ಅಷ್ಟೇ ಅಗಲ. ಹಬೆ ಹಿಡಿಯದಿರಲೆಂದು ಮೇಲೆ ಅರಗು ಬೇರೆ, ಹಳದಿ ಬಣ್ಣದ್ದು. ಕಂಪ್ಯೂಟರಿನಲ್ಲಿ ಒಂದು ಸುತ್ತಿಗೆ ಎಷ್ಟು ಎಣಿಕೆ ಎಂದು ಕೇಳುವ ಜಾಗದಲ್ಲಿ ನಾಲ್ಕನ್ನು ಅಳಿಸಿ ಎಂಟು ಮಾಡಿದರಾಯಿತು. ಮಾಡಿದ.

ರಾಟೆಯ ವೇಗ ಪರೀಕ್ಷಿಸಲು ಖಲಂದರ್‌ನದು ಒಂದೇ ಕ್ರಮ. ಚಕ್ರದ ಮೇಲೆ ಸೀಮೆಸುಣ್ಣದ ಗುರುತು ಹಾಕಿ, ಕೈಗಡಿಯಾರದ ಒಂದು ಟಿಕ್‌ಗೆ ಗುರುತು ಎರಡು ಸಲ ಬರುವಂತೆ ಗುಂಡಿ ತಿರುಗಿಸುವುದು. ಅದು ನಿಮಿಷಕ್ಕೆ ನೂರ ಇಪ್ಪತ್ತು. ಕಣ್ಣಿಗೂ ಕಿವಿಗೂ ಒಟ್ಟಿಗೆ ಸಿಗುವ ವೇಗ ಅದೊಂದೇ. ಹನ್ನೆರಡು ಬೆಂಚನ್ನೂ ಅಲ್ಲಿಗೆ ತಂದು ನೋಡಿದ. ಪರದೆಯಲ್ಲಿ ನೂರ ಇಪ್ಪತ್ತು, ಅಲುಗಾಡದೆ. ಆಗೆಲ್ಲ ಯಾರೂ ನೂರ ನಲವತ್ತು ದಾಟಿಸುತ್ತಲೂ ಇರಲಿಲ್ಲ.

“ಕಂಪನಿಯವರಿಗೆ ಬರದಿದ್ದು ನಮ್ ಖಲಂದರ್‌ಗೆ ಬಂತು ನೋಡ್ರಪ್ಪ” ಎಂದು ತಾಜ್ ಪಾಷಾ ಬಂದವರಿಗೆಲ್ಲ ಹಳದಿ ಚಕ್ರ ತೋರಿಸಿದ. ಒಂದು ವರ್ಷ ಎಲ್ಲವೂ ಹಾಗೇ ಚೆನ್ನಾಗಿ ನಡೆಯಿತು.

ಮರುವರ್ಷ ಬೇಸಿಗೆಯಲ್ಲಿ ತಾಜ್ ಪಾಷಾ ಒಂದು ನಿಯಮ ಮಾಡಿದ. ಎರಡು ವಾರ ಸತತವಾಗಿ ನೂರ ಮೂವತ್ತಕ್ಕಿಂತ ಕೆಳಗೆ ಓಡಿಸಿದವರು ಬೇರೆ ಕೆಲಸ ನೋಡಿಕೊಳ್ಳಬೇಕು. ದಿನಾ ಮಧ್ಯಾಹ್ನ ಮುನಿಶಾಮಯ್ಯ ಗಾಜಿನ ಕೋಣೆಯಿಂದ ಹೊರಗೆ ಬಂದು ಎಲ್ಲರ ಸಂಖ್ಯೆಯನ್ನೂ ಓದಿ ಹೇಳುತ್ತಿದ್ದ. ದೊಡ್ಡಲಕ್ಷ್ಮಮ್ಮ ಮೊದಲಿನಿಂದಲೂ ನೂರ ನಲವತ್ತರ ಆಸುಪಾಸಿನವಳು, ಅವಳಿಗೆ ಭಯವಿರಬೇಕಾಗಿರಲಿಲ್ಲ. ಆದರೂ ಗುಂಡಿಯನ್ನು ಒಸಿ ಮುಂದೆ ತಿರುಗಿಸಿದಳು. ಎಲ್ಲರಿಗಿಂತ ಮುಂದಿರುವುದು ಅವಳಿಗೆ ಅಭ್ಯಾಸವಾಗಿತ್ತು.

“ದೊಡ್ಡಲಕ್ಷ್ಮಮ್ಮ, ನೂರ ನಲವತ್ತು” ಎಂದು ಓದಿದ ಮುನಿಶಾಮಯ್ಯ.

ಅಷ್ಟೇನಾ ಎಂದುಕೊಂಡಳು. ಮರುದಿನ ಇನ್ನಷ್ಟು ತಿರುಗಿಸಿದಳು.

“ದೊಡ್ಡಲಕ್ಷ್ಮಮ್ಮ, ನೂರ ಮೂವತ್ತು.”

“ಏನ್ ಸಾಮಿ, ಕಣ್ಣಿಗೆ ಮಂಜು ಗಿಂಜು ಬಂದದಾ?”

“ನಾನೇನ್ ಮಾಡ್ಲವ್ವ, ಕಂಪೂಟ್ರು ಏಳ್ತದೆ, ನಾನು ಓದ್ತೀನಿ.”

ಪಕ್ಕದ ಬೆಂಚಿನ ಮಜೀದಾ, ಹೊಸಬಳು, ಮೆಲ್ಲಗೆ ಓಡಿಸುತ್ತಿದ್ದವಳು, ತನ್ನದು ನೂರ ಮೂವತ್ತೈದು ಎಂದು ಓದಿದಾಗ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ದೊಡ್ಡಲಕ್ಷ್ಮಮ್ಮ ಮತ್ತೆ ಗುಂಡಿ ತಿರುಗಿಸಿದಳು. ಸಂಖ್ಯೆ ನೂರ ಇಪ್ಪತ್ತೈದಕ್ಕೆ ಇಳಿದು ಅಲ್ಲೇ ನಿಂತಿತು.

ಆ ವೇಗದಲ್ಲಿ ಮುಗಿದ ಗೂಡಿನ ಎಳೆಗೆ ಹೊಸ ಗೂಡಿನ ಎಳೆ ಸೇರಿಸಲು ಕೈ ಸಾಲುತ್ತಿರಲಿಲ್ಲ. ಎಳೆ ತೆಳುವಾಗುತ್ತಿತ್ತು, ಕಡಿಯುತ್ತಿತ್ತು. ಕಡಿದದ್ದನ್ನು ಹಿಡಿಯಲು ಬಿಸಿನೀರಿಗೆ ಮತ್ತೆ ಮತ್ತೆ ಬೆರಳು ಅದ್ದಬೇಕಾಗುತ್ತಿತ್ತು. ಎರಡನೆಯ ವಾರಕ್ಕೆ ಬಲಗೈಯ ಮೂರು ಬೆರಳ ಚರ್ಮ ಸುಲಿದಿತ್ತು. ಸಂಜೆ ತೂಕಕ್ಕೆ ಹಾಕಿದಾಗ ಅವಳ ನೂಲೇ ಹಗುರ. ತಕ್ಕಡಿಯೂ ಕಂಪ್ಯೂಟರೂ ಒಂದೇ ಮಾತು ಹೇಳಿದಂತಾಯಿತು.

“ಮೀಟ್ರು ಕೆಟ್ಟೈತೆ ಸಾಬ್ರೇ, ನೋಡ್ಸಿ” ಎಂದು ಅವಳು ತಾಜ್ ಪಾಷಾನ ಮುಂದೆ ನಿಂತಳು. ಅವನು ಖಲಂದರ್‌ನನ್ನು ಕರೆದ.

ಖಲಂದರ್ ಅರ್ಧ ದಿನ ಏಳನೆಯ ಬೆಂಚಿನಡಿಯಲ್ಲಿ ಮಲಗಿದ್ದ. ಸೆನ್ಸರ್‌ನ ಮುಖಕ್ಕೆ ಹತ್ತಿದ್ದ ರೇಷ್ಮೆಯ ಅಂಟನ್ನು ಸೀಮೆಎಣ್ಣೆಯಲ್ಲಿ ಒರೆಸಿದ. ತಂತಿಯ ತುದಿ ಬಿಚ್ಚಿ, ಕೆರೆದು, ಬಿಗಿ ಮಾಡಿದ. ಮೋಟಾರಿನ ದಪ್ಪ ತಂತಿಯ ಪಕ್ಕದಲ್ಲೇ ಹಾದರೆ ಸೆನ್ಸರ್‌ನ ಸಣ್ಣ ತಂತಿಗೆ ಅದರ ನಡುಕ ಸೇರಿಕೊಳ್ಳುತ್ತದೆಂದು ಅವನಿಗೆ ಗೊತ್ತಿತ್ತು. ಎರಡನ್ನೂ ಬೇರೆ ಬೇರೆ ಗೋಡೆಯ ಮೇಲೆ ಹಾಯಿಸಿದ. ಕೊನೆಗೆ ಮಜೀದಾಳ ಬೆಂಚಿನ ಸೆನ್ಸರನ್ನು ಇಲ್ಲಿಗೂ ಇಲ್ಲಿಯದನ್ನು ಅಲ್ಲಿಗೂ ಹಾಕಿ ನೋಡಿದ. ಮಜೀದಾಳದು ನೂರ ಮೂವತ್ತೈದೇ ಇತ್ತು, ದೊಡ್ಡಲಕ್ಷ್ಮಮ್ಮನದು ನೂರ ಇಪ್ಪತ್ತೈದೇ. ಎಲ್ಲ ಮುಗಿದ ಮೇಲೆ ಸೀಮೆಸುಣ್ಣದ ಗುರುತು ಹಾಕಿ, ಗುಂಡಿ ಇಳಿಸಿ, ಗಡಿಯಾರದ ಟಿಕ್‌ಗೆ ಎರಡು ಸುತ್ತು ಹೊಂದಿಸಿದ. ಪರದೆ ನೂರ ಇಪ್ಪತ್ತು ಎಂದಿತು.

ಹಳದಿ ಚಕ್ರವನ್ನು ಅವನು ಮುಟ್ಟಲಿಲ್ಲ. ಅದು ಅವನೇ ಮಾಡಿಸಿದ್ದು.

ಅವಳು ಓಡಿಸುವಾಗ ರಾಟೆಯ ನಾದ ತೀರ ಮೇಲಕ್ಕೇರಿದ್ದು ಅವನ ಕಿವಿಗೆ ಕೇಳದೆ ಇರಲಿಲ್ಲ. ಹಬೆ ಹೊರಹಾಕುವ ಫ್ಯಾನಿನ ಸದ್ದು ಸೇರಿ ಹಾಗೆ ಕೇಳುತ್ತಿರಬೇಕು ಎಂದು ತನಗೆ ತಾನೇ ಹೇಳಿಕೊಂಡ.

ಸಂಜೆ ಎಲ್ಲ ಹೆಂಗಸರ ಎದುರಿಗೆ ತಾಜ್ ಪಾಷಾ ಕೇಳಿದ. “ಹೇಳಪ್ಪ ಖಲಂದರ್. ಮೀಟ್ರು ಸರಿ ಐತೋ ಇಲ್ವೋ?”

“ಸರಿ ಐತೆ ಸಾಬ್.”

ದೊಡ್ಡಲಕ್ಷ್ಮಮ್ಮ ಅವನ ಕಡೆ ತಿರುಗಿದಳು. “ನಿನ್ ಕಿವಿ ಏನ್ ಏಳ್ತದೆ ಕಲಂದ್ರಪ್ಪ? ಅದ್ನ ಏಳು.”

“ಕಿವಿಗೆ ವಯಸ್ಸಾಯ್ತು ಅಕ್ಕ. ಮೀಟ್ರು ಸುಳ್ಳು ಹೇಳಲ್ಲ.”

ಅವಳು ಕೈ ಒರೆಸಿಕೊಂಡಳು. ಇಪ್ಪತ್ತೆರಡು ವರ್ಷ ಕೂತಿದ್ದ ಮಣೆಯನ್ನು ಬೆಂಚಿನಡಿಗೆ ತಳ್ಳಿ, ಊಟದ ಡಬ್ಬಿ ತೆಗೆದುಕೊಂಡಳು. “ಆಯ್ತು ಬುಡು” ಎಂದಳು. ಜಗಳ ಆಡಿದ್ದರೆ ಚೆನ್ನಾಗಿತ್ತು ಎಂದು ಖಲಂದರ್‌ಗೆ ಆಮೇಲೆ ಎಷ್ಟೋ ಸಲ ಅನ್ನಿಸಿತು.

ಅವಳು ವಹಾಬ್ ಸಾಹೇಬರ ಫಿಲೇಚರ್‌ಗೆ ಹೋಗಿ ಕೆಲಸ ಕೇಳಿದಳಂತೆ. ಕಂಪ್ಯೂಟರೇ ಮಂದ ಅಂದ ಕೈ ನಮಗ್ಯಾಕೆ ಎಂದು ಅವರು ವಾಪಸ್ಸು ಕಳಿಸಿದರಂತೆ. ಈ ಮಾತು ರಾಟೆಗಳ ಸಂದಿಯಲ್ಲಿ ತೂರಿಕೊಂಡು ಖಲಂದರ್‌ನ ಬೀದಿಗೂ ಬಂತು.

ಮೂರು ವಾರ ಕಳೆದವು. ಒಂದು ಶುಕ್ರವಾರ ಮಧ್ಯಾಹ್ನ, ನಮಾಜಿಗೆಂದು ಫಿಲೇಚರ್ ನಿಲ್ಲಿಸಿದ್ದರು. ಬೇಗ ಮುಗಿಸಿ ಬಂದ ಖಲಂದರ್ ಏಳನೆಯ ಬೆಂಚಿಗೆ ಹೊಸ ಬೇರಿಂಗು ಹಾಕಿದ. ಹೊಸ ಬೇರಿಂಗು ಕೂರಬೇಕಾದರೆ ಒಮ್ಮೆ ಜೋರಾಗಿ ಓಡಿಸಬೇಕು. ಗಾಜಿನ ಕೋಣೆಯಲ್ಲಿ ಊಟದ ಡಬ್ಬಿ ಬಿಚ್ಚುತ್ತಿದ್ದ ಮುನಿಶಾಮಯ್ಯನಿಗೆ ಸಂಖ್ಯೆ ಕೂಗಲು ಹೇಳಿ, ಗುಂಡಿ ತಿರುಗಿಸಿದ.

“ನೂರ ಇಪ್ಪತ್ತು!”

“ಸರಿ.”

“ನೂರ ನಲವತ್ತು. ನೂರ ಐವತ್ತು.”

“ಇನ್ನೂ ಏರಿಸ್ತೀನಿ, ನೋಡಿ.”

“ನೂರ ನಲವತ್ತು. ಯಾಕಯ್ಯ ಇಳಿಸ್ದೆ?”

“ನಾನೆಲ್ಲಿ ಇಳಿಸ್ದೆ?”

“ನೂರ ಮೂವತ್ತು. ಲೋ, ಇಳೀತಾ ಐತೆ ಕಣೋ. ಅನ್ನ ತಿನ್ನಕ್ಕೂ ಬುಡಲ್ಲ ನೀನು.”

ಖಲಂದರ್ ಗುಂಡಿಯಿಂದ ಕೈ ತೆಗೆದ. ರಾಟೆ ಕಿವಿ ತಮಟೆ ಹರಿಯುವಂತೆ ಕೂಗುತ್ತಿತ್ತು. ಹಳದಿ ಚಕ್ರದ ಎಂಟು ಸ್ಕ್ರೂಗಳು ಕಲೆತು ಒಂದೇ ಬಿಳಿಯ ಬಳೆಯಾಗಿದ್ದವು. ಸೋಪಿನ ಪೆಟ್ಟಿಗೆಯ ರಟ್ಟು ಹರಿದು ಒಂದು ಕಡ್ಡಿ ಮಾಡಿ, ರಾಟೆಯ ಒಂದೇ ಒಂದು ಕೋಲಿಗೆ ಅಂಟಿಸಿದ. ಅದು ಸುತ್ತಿಗೊಮ್ಮೆ ಬೆರಳಿಗೆ ಹೊಡೆಯುವಂತೆ ಬೆರಳು ಹಿಡಿದು, ಗಡಿಯಾರ ನೋಡುತ್ತ, ನಾಲ್ಕು ನಾಲ್ಕಾಗಿ ಎಣಿಸಿದ. ಒಂದು ನಿಮಿಷಕ್ಕೆ ನೂರ ಎಪ್ಪತ್ತು.

ಪರದೆ ಇನ್ನೂ ನೂರ ಮೂವತ್ತು ಎನ್ನುತ್ತಿತ್ತು.

ನಿಧಾನವಾಗಿ ಇಳಿಸಿದ. ರಾಟೆ ಇಳಿದಂತೆ ಸಂಖ್ಯೆ ಏರುತ್ತ ನೂರ ಐವತ್ತಕ್ಕೆ ಬಂತು, ಅಲ್ಲಿಂದಾಚೆ ರಾಟೆಯೊಡನೆ ತಾನೂ ಇಳಿಯಿತು. ಮೂರು ಸಲ ಹಾಗೇ ಮಾಡಿದ. ಮೂರು ಸಲವೂ ನೂರ ಐವತ್ತರ ಬಳಿ ಸಂಖ್ಯೆ ಬೆನ್ನು ತಿರುಗಿಸಿತು.

ಕಂಪನಿಗೆ ಫೋನ್ ಮಾಡಿದ. ಆ ಕಡೆಯ ಹುಡುಗಿ ತಾಳ್ಮೆಯಿಂದ ಕೇಳಿಸಿಕೊಂಡಳು. “ಸಿನಿಮಾದಲ್ಲಿ ಕುದುರೆಗಾಡಿ ಜೋರಾಗಿ ಹೋಗೋವಾಗ ಚಕ್ರ ಹಿಂದಕ್ಕೆ ತಿರುಗ್ತಿರೋ ಥರ ಕಾಣುತ್ತಲ್ವಾ ಸರ್, ಅದೇ ಇದು. ಗೋಡೆಯ ಪೆಟ್ಟಿಗೆ ಸೆನ್ಸರನ್ನ ಸದಾ ನೋಡ್ತಾ ಕೂತಿರಲ್ಲ. ಸೆಕೆಂಡಿಗೆ ನಲವತ್ತು ಸಲ ಇಣುಕುತ್ತೆ, ಅಷ್ಟೇ. ಸ್ಕ್ರೂ ಇದ್ದಾಗ ಒಂದ್ಸಲ, ಇಲ್ಲದಾಗ ಒಂದ್ಸಲ ಇಣುಕಿದ್ರೇನೇ ಒಂದು ಎಣಿಕೆ. ಸೆಕೆಂಡಿಗೆ ಇಪ್ಪತ್ತಕ್ಕಿಂತ ಜಾಸ್ತಿ ಸ್ಕ್ರೂ ಹಾದುಹೋದ್ರೆ ನಡುವೆ ಕೆಲವು ತಪ್ಪಿಹೋಗ್ತವೆ. ಜೋರಾದಷ್ಟೂ ಕಡಿಮೆ ತೋರಿಸುತ್ತೆ. ಸರ್, ನಾಲ್ಕು ಹಲ್ಲು ಅಂತ ನಾವು ಯಾಕೆ ಕೊಟ್ಟಿದ್ವಿ? ಕಾಗದದಲ್ಲಿ ಬರೆದಿದೆಯಲ್ಲ.”

ಕಾಗದ ಇಂಗ್ಲಿಷಿನಲ್ಲಿತ್ತು, ತಾಜ್ ಪಾಷಾನ ಮೇಜಿನ ಸೆಳೆಖಾನೆಯಲ್ಲಿತ್ತು. ಖಲಂದರ್ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಲೆಕ್ಕ ಹಾಕಿದ. ಸುತ್ತಿಗೆ ಎಂಟರಂತೆ ನೂರ ಐವತ್ತು ಸುತ್ತಿಗೆ ಸರಿಯಾಗಿ ಸೆಕೆಂಡಿಗೆ ಇಪ್ಪತ್ತು. ಅದರ ಮೇಲೆ ಎಷ್ಟು ಏರಿಸಿದರೆ ಅಷ್ಟು ಇಳಿಕೆ. ನೂರ ಎಪ್ಪತ್ತಕ್ಕೆ ನೂರ ಮೂವತ್ತು. ಹಾಗಾದರೆ ನೂರ ಇಪ್ಪತ್ತೈದು ಅಂದದ್ದು? ನೂರ ಎಪ್ಪತ್ತೈದು. ಅಂಥ ವೇಗದಲ್ಲಿ ಯಾರೂ ಎಳೆ ತೆಗೆದದ್ದನ್ನು ಅವನು ಕಂಡಿರಲಿಲ್ಲ. ಮಂದ ಎಂದು ಹೊರಗೆ ಹಾಕಿಸಿಕೊಂಡವಳು ಸುಲಿದ ಬೆರಳಲ್ಲಿ ಅಷ್ಟು ಓಡಿಸಿದ್ದಳು.

ಮರುದಿನ ತಾಜ್ ಪಾಷಾನ ಮುಂದೆ ಎಲ್ಲವನ್ನೂ ಹೇಳಿದ. ಮಕ್ಬೂಲ್, ಎಂಟು ಸ್ಕ್ರೂ, ತನ್ನ ಹಿಗ್ಗು, ಏನನ್ನೂ ಬಿಡಲಿಲ್ಲ. ತಾಜ್ ಪಾಷಾ ಟೀ ಲೋಟ ಕೆಳಗಿಟ್ಟ.

“ಅಂದ್ರೆ ಆಯಮ್ಮ ನೂರೆಪ್ಪತ್ತೈದು ಓಡ್ಸವ್ಳೆ.”

“ಹೌದು ಸಾಬ್.”

“ಎರಡು ವಾರ.”

“ಹೌದು.”

ತಾಜ್ ಪಾಷಾ ಸ್ವಲ್ಪ ಹೊತ್ತು ಗಾಜಿನಾಚೆಯ ಬೆಂಚುಗಳನ್ನು ನೋಡಿದ. ಕರೆಸು ಅವಳನ್ನ ಎನ್ನುತ್ತಾನೆಂದು ಖಲಂದರ್ ಕಾಯುತ್ತಿದ್ದ.

“ಹಂಗಾದ್ರೆ ಓಡ್ಸಬಹುದು ಅಂತಾಯ್ತು.”

“ಎಳೆ ತೆಳು ಬರ್ತದೆ ಸಾಬ್. ಕೈ ಸುಲೀತದೆ.”

“ನೂರೆಪ್ಪತ್ತೈದಕ್ಕೆ ತೆಳು ಬರ್ತದೆ. ನೂರರವತ್ತಕ್ಕೆ?”

ಉತ್ತರ ಇಬ್ಬರಿಗೂ ಗೊತ್ತಿತ್ತು. ಪಳಗಿದ ಕೈ ಪ್ರಾಣ ಹಿಂಡಿದರೆ ನೂರ ಅರವತ್ತಕ್ಕೆ ತೂಕದ ನೂಲೇ ಬರುತ್ತದೆ.

“ಮೀಟ್ರು ಸರಿ ಮಾಡು. ಸೋಮವಾರದಿಂದ ಎಲ್ಲಾರ್ಗೂ ನೂರರವತ್ತು. ಆಯಮ್ಮ ಬರೋದಾದ್ರೆ ಬರ್ಲಿ, ನಾನೇನ್ ಬ್ಯಾಡ ಅನ್ನಲ್ಲ. ಆದ್ರೆ ಚಕ್ರದ ಮಾತು ಈ ಬಾಗ್ಲು ದಾಟಬಾರ್ದು. ತಾಜ್ ಪಾಷಾ ಕಂಪೂಟ್ರು ಸುಳ್ಳು ಹೇಳ್ತು ಅಂತ ಊರೆಲ್ಲಾ ನಗೋದು ನಂಗೆ ಬೇಕಿಲ್ಲ.” ಲೋಟ ಮತ್ತೆ ಎತ್ತಿಕೊಂಡ. “ದಾಟ್ತು ಅಂದ್ರೆ, ಆ ಚಕ್ರ ಯಾರು ಮಾಡ್ಸಿದ್ದು ಅಂತ ನಾನೂ ಹೇಳ್ಬೇಕಾಗ್ತದೆ. ಆಮೇಲೆ ನೀನು ಇಲ್ಲಿರೋಕಾಗಲ್ಲ, ಖಲಂದರ್.”

ಭಾನುವಾರ ಖಲಂದರ್ ಒಬ್ಬನೇ ಕೂತು ಹನ್ನೆರಡು ಚಕ್ರದಿಂದಲೂ ಒಂದು ಬಿಟ್ಟು ಒಂದರಂತೆ ಸ್ಕ್ರೂ ಬಿಚ್ಚಿದ. ಕಂಪ್ಯೂಟರಿನಲ್ಲಿ ಎಂಟನ್ನು ಅಳಿಸಿ ನಾಲ್ಕು ಮಾಡಿದ. ಈ ಸಲ ನೂರ ಇಪ್ಪತ್ತಕ್ಕೇ ನಿಲ್ಲಲಿಲ್ಲ. ನೂರ ಐವತ್ತು, ನೂರ ಎಂಬತ್ತು, ಇನ್ನೂರರ ತನಕ ಓಡಿಸಿ, ರಟ್ಟಿನ ಕಡ್ಡಿಯಿಂದ ಎಣಿಸಿ ನೋಡಿದ. ಪರದೆ ಎಲ್ಲ ಕಡೆಯೂ ನಿಜ ಹೇಳಿತು.

ಸೋಮವಾರ ಹೆಂಗಸರಿಗೆ ಹೊಸ ನಿಯಮ ಹೇಳಿದರು. “ಯಾವ ಮಹಾರಾಯ ಕಿವಿ ಊದಿದ್ದೋ ಸಾಬ್‌ಗೆ, ಅವನ ಕೈ ಈ ತೊಟ್ಟೀಲಿ ಅದ್ದಬೇಕು” ಎಂದಳು ಮಜೀದಾ. ಖಲಂದರ್ ಬಗ್ಗಿ ಎಣ್ಣೆ ಬಿಡುತ್ತಿದ್ದ, ತಲೆ ಎತ್ತಲಿಲ್ಲ. ವಾರದ ಕೊನೆಗೆ ಇಬ್ಬರು ಕೆಲಸ ಬಿಟ್ಟರು. ಮಜೀದಾ ಬಿಡಲಿಲ್ಲ. ಬೆರಳಿಗೆ ಹಳೆಯ ಸೀರೆಯ ಚೂರು ಸುತ್ತಿಕೊಂಡು ಕೂತಳು, ಆಮೇಲ್ಯಾವತ್ತೂ ನಗಲಿಲ್ಲ.

ಮುಂದಿನ ಭಾನುವಾರ ಅವನು ದೊಡ್ಡಲಕ್ಷ್ಮಮ್ಮನ ಹಳ್ಳಿಗೆ ಹೋದ. ಅವಳು ಕುರಿದೊಡ್ಡಿ ಗುಡಿಸುತ್ತಿದ್ದಳು. ಪೊರಕೆ ಪಕ್ಕಕ್ಕಿಟ್ಟು, ಒಂದು ಗೋಣಿಚೀಲ ಹಾಸಿದಳು. ನೀರಿನಿಂದ ದೂರವಾದ ಬೆರಳುಗಳು ಒಣಗಿ ಸೀಳುಬಿಟ್ಟಿದ್ದವು.

ಖಲಂದರ್ ನೆಲದ ಮೇಲೆ ಕಡ್ಡಿಯಲ್ಲಿ ಚಕ್ರ ಬರೆದು, ಸ್ಕ್ರೂಗಳ ಜಾಗದಲ್ಲಿ ಎಂಟು ಬೇವಿನ ಕಾಯಿ ಇಟ್ಟು, ಪೆಟ್ಟಿಗೆ ಹೇಗೆ ಇಣುಕುತ್ತದೆ, ಹೇಗೆ ತಪ್ಪಿಸಿಕೊಳ್ಳುತ್ತದೆ ಎಂದು ವಿವರಿಸಿದ. ಅವಳು ಕಾಯಿಗಳನ್ನೇ ನೋಡುತ್ತಿದ್ದಳು.

“ಅಂಗಾರೆ ನಾನ್ ಮಂದ ಆಗಿರ್ನಿಲ್ಲ.”

“ಇಲ್ಲಕ್ಕ. ಈ ಊರಲ್ಲಿ ನಿನ್ನಷ್ಟು ಜೋರಾಗಿ ಯಾರೂ ಓಡ್ಸಿಲ್ಲ.”

“ಜೋರು ಅಂದ್ರೆ ಎಷ್ಟು?”

“ನೂರೆಪ್ಪತ್ತೈದು.”

“ಆಕಡೆ ಈಕಡೆ ನೋಡ್ದಂಗೆ ಓಡಿಸ್ದೆ ಕಣಪ್ಪ. ಉಚ್ಚೆ ಉಯ್ಯಕ್ಕೂ ಏಳ್ನಿಲ್ಲ.” ಅವಳು ಸೀಳುಬಿಟ್ಟ ಬೆರಳುಗಳನ್ನು ನೋಡಿಕೊಂಡಳು. “ನಾನ್ ನಿದ್ದೇಲೂ ಕೈ ಆಡಿಸ್ತಿದ್ದೆ ಅಂತಾರೆ ಮನೇಲಿ. ನಂಗೆ ಕೈ ಸತ್ತೋಯ್ತು ಅಂತ ನಾನೇ ನಂಬ್ಬುಟ್ಟಿದ್ದೆ.”

ಖಲಂದರ್ ಕಾಯಿಗಳನ್ನು ಒಂದೊಂದಾಗಿ ಎತ್ತಿ ಬದಿಗಿಟ್ಟ. ವಾಪಸ್ಸು ಬರಬಹುದಂತೆ ಎಂದ. ಎಲ್ಲರಿಗೂ ಈಗ ನೂರ ಅರವತ್ತು ಎಂದೂ ಹೇಳಿದ.

“ನನ್ನ ಕೈ ಓಡಿಸಿದ್ದ ತೋರಿಸಿ ಅವರ್ನೆಲ್ಲ ಓಡಿಸ್ತಾವ್ನಾ?” ಎಂದಳು. “ಆ ಬಾಗ್ಲು ಮೆಟ್ಟಾಕಿಲ್ಲ ನಾನು. ನೀನೊಂದು ಕೆಲ್ಸ ಮಾಡು ಕಲಂದ್ರಪ್ಪ. ವಹಾಬ್ ಸಾಬ್ರು ತಾವ ಬಂದು ಒಂದ್ ಮಾತು ಏಳು. ಚಕ್ರದ್ದು ತಪ್ಪು, ಕೈದಲ್ಲ ಅಂತ. ನೀನು ಏಳಿದ್ರೆ ನಂಬ್ತಾರೆ. ನೀನು ಸರಿ ಐತೆ ಅಂದಿದ್ದಕ್ಕೇ ಅಲ್ವಾ ಎಲ್ರೂ ನಂಬಿದ್ದು?”

“ಹೇಳ್ತೀನಿ ಅಕ್ಕ.”

“ಈಗ್ಲೇ ಓಗವಾ. ಭಾನುವಾರ ಅವ್ರು ಮನೇಲೇ ಇರ್ತಾರೆ. ತಡಿ, ಸೀರೆ ಬದ್ಲಾಯಿಸ್ಕಂಡ್ ಬತ್ತೀನಿ, ಹನ್ನೊಂದೂವರೆ ಬಸ್ಸು ಇನ್ನೇನು ಬತ್ತದೆ.”

ಅವಳು ಒಳಗೆ ಹೋದಳು. ಟ್ರಂಕು ತೆಗೆದ ಸದ್ದಾಯಿತು. ಖಲಂದರ್ ಎದ್ದು ನಿಂತ. ವಹಾಬ್ ಸಾಹೇಬರಿಗೆ ಹೇಳಿದ ಮಾತು ಸಂಜೆಯೊಳಗೆ ತಾಜ್ ಪಾಷಾನ ಕಿವಿ ಮುಟ್ಟುತ್ತದೆ. ನಲವತ್ತೊಂಬತ್ತರ ಮೆಕ್ಯಾನಿಕ್‌ನನ್ನು, ಅದೂ ತಪ್ಪು ಚಕ್ರ ಮಾಡಿಸಿದವನನ್ನು, ಯಾರು ಇಟ್ಟುಕೊಳ್ಳುತ್ತಾರೆ? ತಂದೆಯ ಸವೆದ ಭುಜ ಯಾಕೋ ಕಣ್ಣ ಮುಂದೆ ಬಂತು. ರಸ್ತೆಯ ತಿರುವಿನಲ್ಲಿ ಬಸ್ಸಿನ ಹಾರನ್ ಕೇಳಿಸಿತು.

ದೊಡ್ಡಲಕ್ಷ್ಮಮ್ಮ ನೆರಿಗೆ ಸಿಕ್ಕಿಸಿಕೊಳ್ಳುತ್ತ ಹೊರಗೆ ಬಂದಾಗ ಅವನು ದೊಡ್ಡಿಯ ಬೇಲಿ ದಾಟಿ, ಬಸ್ಸು ನಿಲ್ಲುವ ಜಾಗ ಬಿಟ್ಟು ಹೊಲದ ಬದುವಿನ ಮೇಲೆ ನಡೆಯುತ್ತಿದ್ದ.

“ಕಲಂದ್ರಪ್ಪ! ಬಸ್ಸು ಈಕಡೆ ಕಣಪ್ಪ!”

“ಇವತ್ತು ಬೇಡಕ್ಕ” ಎಂದ, ಹಿಂದಿರುಗಿ ನೋಡದೆ, ಹೆಜ್ಜೆಯನ್ನೂ ನಿಲ್ಲಿಸದೆ. “ಬುಧವಾರ ಆಗ್ಲಿ, ನೀನು ಬರೋದೂ ಬೇಕಿಲ್ಲ, ನಾನೇ ಹೋಗಿ ವಹಾಬ್ ಸಾಬ್‌ಗೆ ಎಲ್ಲಾ ಬಿಡಿಸಿ, ಆ ಚಕ್ರ ಮಾಡಿಸಿದ್ದು ಯಾರು ಅಂತಾನೂ ಹೇಳ್ತೀನಿ.”